ಆಪದ್ಬಾಂಧವನ ಗಂಟೆ

ಫೋನನ್ನು ಬುಟ್ಟಿಗೆ ಹಾಕಿದ ಮೇಲೆ ಅವನಿಗೆ ಬಲಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಜೇಬಿಗೆ ಹಾಕಿದರೆ ಜೇಬು ಖಾಲಿ. ಮೇಜಿನ ಮೇಲಿಟ್ಟರೆ ಬೆರಳುಗಳು ತಾವಾಗಿಯೇ ಏನನ್ನೋ ತಡಕಾಡುತ್ತಿದ್ದವು. ಹೋಟೆಲಿನ ಆ ಸಭಾಂಗಣಕ್ಕೆ ಕಿಟಕಿಯೇ ಇರಲಿಲ್ಲ. ಕಾಲಿಟ್ಟಲ್ಲಿ ಹೂತುಹೋಗುವ ಜಮಖಾನ, ಬೇಡವೆಂದರೂ ಕುತ್ತಿಗೆಗೆ ಬೀಸುವ ತಣ್ಣನೆಯ ಗಾಳಿ, ಪ್ರತಿಯೊಬ್ಬರ ಮುಂದೆ ಒಂದು ಬಾಟಲಿ ನೀರು, ಹೊಸದಾಗಿ ಚೂಪು ಮಾಡಿದ ಪೆನ್ಸಿಲು. ಬಾಗಿಲ ಪಕ್ಕದ ಪುಟ್ಟ ಮೇಜಿನ ಮೇಲೆ ಬೆತ್ತದ ಬುಟ್ಟಿ. "ಇವತ್ತು ಮಧ್ಯಾಹ್ನದವರೆಗೆ ನೀವಿಲ್ದೆ ಕಂಪನಿ ನಡೆಯುತ್ತೋ ಇಲ್ವೋ ನೋಡೇಬಿಡೋಣ," ಎಂದು ನಗುತ್ತ ತರಬೇತುದಾರ ಎಲ್ಲರ ಫೋನುಗಳನ್ನೂ ಅದರೊಳಗೆ ಹಾಕಿಸಿಕೊಂಡಿದ್ದ. ಲೆಕ್ಕಪತ್ರದ ಮುಖ್ಯಸ್ಥರು, ಮಾರಾಟದ ಮುಖ್ಯಸ್ಥರು, ಸಿಬ್ಬಂದಿ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಶಾಲೆಯ ಮಕ್ಕಳ ಹಾಗೆ ಕಿಸಕ್ಕನೆ ನಕ್ಕು ಹಾಕಿದ್ದರು. ಅವನೂ ಹಾಕಿದ್ದ, ಎಲ್ಲರಿಗಿಂತ ಕೊನೆಯಲ್ಲಿ, ಬೇಗ ಕೈಗೆ ಸಿಗಲೆಂದು ಎಲ್ಲರದರ ಮೇಲೆ.

ಹಾಕುವ ಮುಂಚೆ ಕೊನೆಯದಾಗಿ ಓದಿದ್ದು ಭಾವನ ಸಂದೇಶ. ನಿಮ್ಮಕ್ಕನ್ನ ಇವತ್ತೇ ಮನೆಗೆ ಬಿಡ್ತಾರಂತೆ, ಹನ್ನೊಂದರ ಮೇಲೆ ಹೊರಡ್ತೀವಿ, ನೀನು ಕೆಲಸ ಬಿಟ್ಟು ಓಡಿ ಬರಬೇಡ. ಓದಿ, ಸದ್ಯ ಒಂದು ಚಿಂತೆ ಕಳೆಯಿತು ಅಂದುಕೊಂಡಿದ್ದ. ಬಚ್ಚಲಲ್ಲಿ ಜಾರಿ ಬಿದ್ದು ಅಕ್ಕನ ಸೊಂಟ ಮುರಿದಿತ್ತು. ಹೊಸ ಕೀಲು ಹಾಕಿ ವಾರವಾಗಿತ್ತು. ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದ. ಎರಡು ಸಲವೂ ಮಾತಿನ ಮಧ್ಯೆ ಫೋನು ಬಂದು ಎದ್ದು ಹೊರಟಿದ್ದ. ಮಂಚದಲ್ಲಿ ಮಲಗಿದ್ದ ಅಕ್ಕನೇ, "ಹೋಗೋ ಮಾರಾಯ, ಯಾರೋ ಪಾಪ ಒಳಗೆ ಸಿಕ್ಕಿಹಾಕ್ಕೊಂಡಿರ್ತಾರೆ," ಎಂದು ಕಳಿಸಿಕೊಟ್ಟಿದ್ದಳು.

ಯಾರೋ ಸಿಕ್ಕಿಹಾಕಿಕೊಂಡಿರುವುದರ ಮೇಲೆಯೇ ಅವನ ಬದುಕು ನಿಂತಿತ್ತು. ಊರಿನ ಅರ್ಧದಷ್ಟು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಗೆ ಅವನು ಕಾರ್ಯಾಚರಣೆಯ ಮುಖ್ಯಸ್ಥ. ಮಾಲೀಕರು ಅವನನ್ನು ಹೆಸರು ಹಿಡಿದು ಕರೆದು ಯಾವ ಕಾಲವಾಯಿತೋ, ಅವರ ಬಾಯಲ್ಲಿ ಅವನು ಆಪದ್ಬಾಂಧವ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಮಹಡಿಗಳ ನಡುವೆ ಕತ್ತಲೆಯಲ್ಲಿ ನಿಂತ ಲಿಫ್ಟಿನ ಬಾಗಿಲನ್ನು ಅವನು ಮೀಟಿ ತೆಗೆದಾಗ ಒಳಗಿಂದ ಮೊದಲು ಕಂಡದ್ದು ಮೇಲೆ ಚಾಚಿದ ಒಂದು ಕೈ. ಆ ಕೈ ಹಿಡಿದು ಎಳೆದುಕೊಂಡಾಗ ಹೊರಬಂದ ದೊಡ್ಡ ಮನುಷ್ಯ, ಗೂಟದ ಕಾರಿನವನು, ಅವನ ಹೆಗಲ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟಿದ್ದ. ಅಂಗಿಯ ಆ ಒದ್ದೆ ಜಾಗ ಒಣಗದಿದ್ದರೆ ಸಾಕು ಅನ್ನಿಸಿತ್ತು. ಅದೇ ವಾರ ಮಾಲೀಕರು ಗುಜರಿಗೆ ಹಾಕಿದ ಹಳೇ ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟೊಂದರ ಹಿತ್ತಾಳೆ ಗಂಟೆಯನ್ನು ತಂದು ಕಚೇರಿಯ ನಡುವೆ ತೂಗುಹಾಕಿಸಿದ್ದರು. ಸಿಕ್ಕಿಹಾಕಿಕೊಂಡವರನ್ನು ಹೊರತೆಗೆದ ಸುದ್ದಿ ಬಂದಾಗಲೆಲ್ಲ ಗಂಟೆ ಹೊಡೆಯುವುದು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವುದು. ಹೊಡೆಯುವ ಹಕ್ಕು ಅವನದು. ಮುಂದೆ ಮುಖ್ಯಸ್ಥನಾದಾಗ ಅವನು ಮಾಡಿದ ಮೊದಲ ನಿಯಮವೂ ಆ ಗಂಟೆಯ ಮಗುವೇ: ಕೆಟ್ಟು ನಿಂತ ಲಿಫ್ಟಿಗೆ ಏನು ಬೇಕಾದರೂ ಯಾರನ್ನೂ ಕೇಳದೆ ಉಗ್ರಾಣದಿಂದ ಎತ್ತಿಕೊಂಡು ಹೋಗಬಹುದು, ಕೆಡದ ಲಿಫ್ಟಿಗೆ ಒಂದು ತಿರುಪು ಬೇಕಿದ್ದರೂ ಅವನ ಸಹಿಯಾಗಬೇಕು. ಈ ವರ್ಷವಂತೂ ಗಂಟೆಗೆ ಬಿಡುವೇ ಇರಲಿಲ್ಲ. ಹೋದ ವಾರ ಕೂಡ, "ಒಬ್ಬ ಹಿರಿಯರು ಸಾರ್, ಪಾಪ, ಗಾಬರಿಯಾಗಿದ್ರು," ಎಂದು ಅವನ ಕೈಕೆಳಗಿನ ಉಪಮುಖ್ಯಸ್ಥೆ ಬಂದು ಹೇಳಿದಾಗ ಎದ್ದು ಜೋರಾಗಿಯೇ ಹೊಡೆದಿದ್ದ. ಯಾವ ಕಟ್ಟಡ ಎಂದು ಕೇಳಿರಲಿಲ್ಲ. ಚಪ್ಪಾಳೆಯ ನಡುವೆ ಇಬ್ಬರು ಮೆಕ್ಯಾನಿಕ್ಕುಗಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದುದು ಈಗ, ಈ ಹೊತ್ತಲ್ಲದ ಹೊತ್ತಿನಲ್ಲಿ, ನೆನಪಾಯಿತು. ಸಂಕೋಚವಿರಬೇಕು ಅಂದುಕೊಂಡ.

ತರಬೇತುದಾರ ಜಮಖಾನದ ಮೇಲೆ ಉದ್ದಕ್ಕೆ ಒಂದು ಹಳದಿ ಟೇಪು ಅಂಟಿಸಿ, "ಈ ಕಡೆ ಪ್ರೋಆಕ್ಟಿವ್, ಆ ಕಡೆ ರಿಯಾಕ್ಟಿವ್. ಆಗೋಕೆ ಮುಂಚೆ ಎದ್ದೇಳೋರು ಈ ಕಡೆ, ಆದ್ಮೇಲೆ ಎದ್ದು ಓಡೋರು ಆ ಕಡೆ. ಸುಳ್ಳು ಹೇಳ್ದೆ ನಿಂತ್ಕೊಳ್ಳಿ," ಅಂದ. ಕುರ್ಚಿಗಳು ಸರಿದವು. ನೋಡನೋಡುತ್ತಿದ್ದಂತೆ ಎಲ್ಲರೂ ಈ ಕಡೆ. ವರ್ಷದ ಕೊನೆಯ ದಿನ ಬಿಟ್ಟು ಬೇರೆಂದೂ ಕಪಾಟಿನ ಬಾಗಿಲು ತೆಗೆಯದ ಲೆಕ್ಕಪತ್ರದವರೂ ಎದೆ ಸೆಟೆಸಿ ಈ ಕಡೆ. ಅವನಿಗೆ ನಗು ಬಂತು. ಬಿಗುಮಾನವೂ ಬಂತು. ಹೋಗಿ ಆ ಕಡೆ ಒಬ್ಬನೇ ನಿಂತ. ಕರೆದಾಗ ಓಡಿ ಹೋಗುವುದರಲ್ಲಿ ನಾಚಿಕೆಯೇನು? ಬೆಂಕಿ ನಂದಿಸುವವನನ್ನು ಯಾರಾದರೂ ಹೀಯಾಳಿಸುತ್ತಾರೆಯೇ? ತರಬೇತುದಾರ ಹತ್ತಿರ ಬಂದು ಮೆಲ್ಲಗೆ, ನಿಜವಾಗಿ ತಿಳಿಯಬೇಕೆಂಬ ಹಾಗೆ ಕೇಳಿದ: "ಪ್ರಾಮಾಣಿಕತೆಗೆ ಥ್ಯಾಂಕ್ಸ್ ಸಾರ್. ಒಂದೇ ಪ್ರಶ್ನೆ. ಏನೂ ಕೆಟ್ಟಿಲ್ದೇ ಇರೋ ದಿನ ನೀವೇನ್ಮಾಡ್ತೀರಿ?"

ಟೇಪಿನ ಆಚೆ ಯಾರೋ ಕೆಮ್ಮಿದರು. ಏನೂ ಕೆಡದ ದಿನ ಅವನು ಕಾಯುತ್ತಾನೆ. ಕಿಟಕಿಯ ಹತ್ತಿರ ನಿಂತು, ಒಂದು ಕಿವಿಯನ್ನು ಒಳಗಿನ ಫೋನುಗಳ ಕಡೆಗಿಟ್ಟು ಕಾಯುತ್ತಾನೆ. ಮನೆಯ ನಲ್ಲಿಯೊಂದು ತಿಂಗಳುಗಟ್ಟಲೆ ತೊಟ್ಟಿಕ್ಕಿದಾಗ ಕಿವಿಗೆ ಹಾಕಿಕೊಳ್ಳದೆ, ಒಂದು ದಿನ ಅದು ಕಿತ್ತು ಬಂದು ಮನೆಯೆಲ್ಲ ನೀರಾದಾಗ ಪ್ಯಾಂಟು ಮಡಿಸಿ ನೀರಿಗಿಳಿದು ಹುರುಪಿನಿಂದ ಕೂಗಾಡಿದವನು. "ನಲ್ಲಿ ರಿಪೇರಿಗಿಂತ ಪ್ರವಾಹ ಬಲು ಇಷ್ಟ ನಿಮಗೆ," ಎಂದು ಹೆಂಡತಿ ನೆಲ ಒರೆಸುತ್ತ ಅಂದಿದ್ದಳು. ಅವತ್ತು ನಕ್ಕಿದ್ದ. "ಯೋಚಿಸಿ ಹೇಳಿ ಸಾರ್, ಆತುರ ಇಲ್ಲ. ಉದಾಹರಣೆಗೆ, ಸಹಿ ಮಾಡ್ದೆ ಮೇಜಿನ ಮೇಲೆ ಉಳಿದಿರೋದು ಏನಾದ್ರೂ..." ತರಬೇತುದಾರನ ಮಾತು ಇನ್ನೂ ಮುಗಿದಿರಲಿಲ್ಲ, ಅವನಿಗೆ ನೆನಪಾಗಿಬಿಟ್ಟಿತು. ಮೇಜಿನ ಮೇಲಲ್ಲ. ಡ್ರಾಯರಿನಲ್ಲಿ. ಬಲಗಡೆಯ ಡ್ರಾಯರಿನಲ್ಲಿ ಉಪಮುಖ್ಯಸ್ಥೆ ತಂದುಕೊಟ್ಟ ಒಂದು ಹಾಳೆ. ಈ ಕಟ್ಟಡಗಳ ಲಿಫ್ಟಿನ ಬ್ರೇಕು ಸವೆದಿದೆ, ನೆಲಕ್ಕೆ ಸರಿಯಾಗಿ ನಿಲ್ಲುತ್ತಿಲ್ಲ, ನಾಲ್ಕು ಬೆರಳು ಮೇಲೋ ಕೆಳಗೋ ನಿಲ್ಲುತ್ತಿದೆ, ಇವತ್ತಲ್ಲ ನಾಳೆ ನಡುವೆ ಎಲ್ಲೋ ಜಾರುತ್ತದೆ, ಬದಲಾಯಿಸಲು ಒಪ್ಪಿಗೆ ಬೇಕು. ಅದರಲ್ಲಿ ಅಕ್ಕನ ಕಟ್ಟಡವೂ ಇತ್ತು. ಒಂಬತ್ತನೇ ಮಹಡಿಯ ಅಕ್ಕ, ಇವತ್ತು ಗಾಲಿಕುರ್ಚಿಯಲ್ಲಿ ಮನೆಗೆ ಬರುವ ಅಕ್ಕ, ಇನ್ನೂ ಹೊಲಿಗೆ ಒಣಗದ ಸೊಂಟದವಳು.

ಅದನ್ನು ಓದಿದ ದಿನ ಏನಂದಿದ್ದೆ? "ಕೆಟ್ಟಿಲ್ವಲ್ಲಮ್ಮ. ನೋಡೋಣ ಇಡು." ಅವಳು ನಿಂತೇ ಇದ್ದಳು. "ಕೆಟ್ಟ ಮೇಲೆ ನೋಡೋದಕ್ಕೆ ನಾವ್ಯಾಕೆ ಸಾರ್ ಬೇಕು?" ಅಂದಿದ್ದಳು. ಕಚೇರಿಯಲ್ಲಿ ಅವಳಿಗೆ ಮುಂಜಾಗ್ರತೆ ಎಂದು ಅಡ್ಡಹೆಸರಿಟ್ಟವನು ಅವನೇ. ಮುಂಜಾಗ್ರತೆ ಬಂದ್ಲು, ಕುರ್ಚಿ ಕಾಲು ಗಟ್ಟಿ ಇದೆಯಾ ನೋಡ್ಕೊಳ್ಳಿ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು, ಆಮೇಲೆ ಬಗ್ಗಿ ಕುರ್ಚಿಯ ಕಾಲನ್ನು ನೋಡಿಯೇ ಕೂರುತ್ತಿದ್ದಳು. ಇವತ್ತು ತರಬೇತಿಗೆ ಬಂದಿಲ್ಲ, ರಜೆ ಹಾಕಿದ್ದಾಳೆ. ಅವಳಿದ್ದಿದ್ದರೆ ಒಂದು ಮಾತು ಕೇಳಬಹುದಿತ್ತು. ಏನೆಂದು ಕೇಳುವುದು? ಮತ್ತೆ ತನ್ನ ಜಾಗಕ್ಕೆ ಬಂದು ಕೂತಾಗ ಅವನಿಗೆ ಇನ್ನೊಂದು ಯೋಚನೆ ಬಂತು. ಅದು ಬರಬಾರದಿತ್ತು. ಆ ಹಾಳೆಯನ್ನು ಡ್ರಾಯರಿಗೆ ಹಾಕುವಾಗ ಮನಸ್ಸಿನ ಯಾವುದೋ ಮೂಲೆಯಲ್ಲಿ, ಅಕ್ಕನ ಕಟ್ಟಡದಲ್ಲಿ ಒಂದು ದಿನ ಲಿಫ್ಟು ನಿಂತರೆ ತಾನೇ ಹೋಗಿ ಬಾಗಿಲು ತೆಗೆಯುವ ಚಿತ್ರ ಸುಳಿದಿರಲಿಲ್ಲವೇ? ಅಕ್ಕಪಕ್ಕದವರೆಲ್ಲ ನೆರೆದು, ಇವರ ತಮ್ಮನಂತೆ ಎಂದು ಪಿಸುಗುಟ್ಟುವ ಚಿತ್ರ? ಸುಳಿದಿತ್ತು. ಚಿಕ್ಕಂದಿನಲ್ಲಿ ಆಕಾಶ ಬಿಳುಪಾಗಿರುವಾಗಲೇ ಅವನ ಚೀಲಕ್ಕೆ ಕೊಡೆ ತುರುಕುತ್ತಿದ್ದವಳು ಅಕ್ಕ. ಪರೀಕ್ಷೆಗೆ ಹೊರಟರೆ ಎರಡನೆಯ ಪೆನ್ನು, ಆಟಕ್ಕೆ ಹೊರಟರೆ ಮಂಡಿಗೆ ಹಚ್ಚುವ ಮುಲಾಮು. ಯಾಕೆಂದು ಕೇಳಿದರೆ "ಬೇಕಾಗತ್ತೆ" ಎಂದು ಒಂದೇ ಮಾತು. ನೆನೆಯದೆ ಮನೆಗೆ ಬಂದ ದಿನಗಳಿಗಾಗಿ ಅವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ತಾನೂ ತಟ್ಟಿರಲಿಲ್ಲ.

ಬುಟ್ಟಿಯೊಳಗೆ ಒಂದು ಫೋನು ಗುರ್ರೆಂದಿತು. ಬೆತ್ತಕ್ಕೆ ತಾಗಿ ಸದ್ದು ಇನ್ನಷ್ಟು ಒರಟಾಗಿ ಕೇಳಿಸಿತು. ನಿಂತಿತು, ಮತ್ತೆ ಗುರ್ರೆಂದಿತು. ಯಾರೂ ತಲೆಯೆತ್ತಲಿಲ್ಲ, ಎಲ್ಲರೂ ‘ನನ್ನ ಮುಂದಿನ ಐದು ವರ್ಷ’ ಬರೆಯುತ್ತಿದ್ದರು. ತನ್ನದೇ ಅದು. ಎರಡು ಮಹಡಿಗಳ ನಡುವೆ, ಗಾಲಿಕುರ್ಚಿಯ ಪಕ್ಕದಲ್ಲಿ ನಿಂತು ಭಾವ ಕರೆಯುತ್ತಿದ್ದಾರೆ. ಹೊರಡಬೇಕು. ಹೊರಟರೆ ಟೇಪಿನ ಆಚೆ ನಿಂತಿದ್ದವರೆಲ್ಲ ನೋಡಿ ನಗುತ್ತಾರೆ: ನೋಡಿದ್ರಾ, ಒಂದು ಫೋನು ಬಂತು, ಓಡಿದ. ಇಷ್ಟು ಹೊತ್ತಿನಲ್ಲಿ ಈ ಲೆಕ್ಕ ಹಾಕುತ್ತ ಕೂತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ. ಬುಟ್ಟಿಗೆ ಕೈ ಹಾಕಿದಾಗ ಗುರ್ರೆನ್ನುತ್ತಿದ್ದದ್ದು ಮಾರಾಟದವರ ಫೋನು. ಅವನದು ಎಲ್ಲದರ ಮೇಲೆ ಶಾಂತವಾಗಿ ಮಲಗಿತ್ತು. ಒಂದು ಕರೆಯಿಲ್ಲ, ಒಂದು ಸಂದೇಶವಿಲ್ಲ. ಅದನ್ನು ನೋಡಿ ಅವನ ಜೀವ ಇನ್ನಷ್ಟು ಬಾಯಿಗೆ ಬಂತು. ಇಷ್ಟು ಹೊತ್ತು ಒಂದೂ ಕರೆ ಬಾರದ ಬೆಳಗನ್ನು ಅವನು ಕಂಡೇ ಇರಲಿಲ್ಲ.

ಭಾವ ಫೋನೆತ್ತಲಿಲ್ಲ. ಉಪಮುಖ್ಯಸ್ಥೆಯ ಫೋನು ಆಫ್ ಆಗಿತ್ತು. ಟ್ಯಾಕ್ಸಿಯಲ್ಲಿ ಕೂತು ಮತ್ತೆ ಮತ್ತೆ ಎರಡನ್ನೂ ಒತ್ತಿದ. ಕಚೇರಿಗೆ ಮಾಡಿದರೆ ಕರೆ ತೆಗೆದುಕೊಂಡವಳು, "ಎಲ್ಲ ಆರಾಮಾಗಿದೆ ಸಾರ್, ನೀವು ಟ್ರೇನಿಂಗ್ ಮುಗಿಸಿಕೊಳ್ಳಿ," ಅಂದಳು. ಅವಳ ದನಿಯ ನೆಮ್ಮದಿಗೆ ಅವನಿಗೆ ಸಿಟ್ಟೇ ಬಂತು. ಅಕ್ಕನ ಕಟ್ಟಡದ ಕೆಳಗೆ ಇಳಿದು ಒಳಗೆ ನುಗ್ಗಿದ. ಲಿಫ್ಟಿನ ಮೇಲಿನ ಪುಟ್ಟ ಕಿಟಕಿಯಲ್ಲಿ ಒಂಬತ್ತು ಎಂಬ ಅಂಕಿ ಕೆಂಪಗೆ ಉರಿಯುತ್ತಿತ್ತು. ಗುಂಡಿ ಒತ್ತಿದ. ಅಂಕಿ ಕದಲಲಿಲ್ಲ. ಮತ್ತೆ ಒತ್ತಿದ. ಬಾಗಿಲಿಗೆ ಕಿವಿ ಹಚ್ಚಿದ; ಮೇಲೆ ಎಲ್ಲೋ ಮಾತಿನ ಸದ್ದು, ಒಂದು ಹೆಣ್ಣುದನಿ. ಕೂಗುತ್ತಿದ್ದಾಳೋ? "ಅಕ್ಕಾ, ಬಂದೆ!" ಎಂದು ಅವನೂ ಕೂಗಿ ಮೆಟ್ಟಿಲ ಕಡೆಗೆ ಓಡಿದ. ಮೂರನೆಯ ಮಹಡಿಯಲ್ಲಿ ಟೈ ಕಿತ್ತೆಸೆದ. ಐದನೆಯದರಲ್ಲಿ ಗೋಡೆ ಹಿಡಿದು ನಿಂತ. ಇಷ್ಟು ವರ್ಷ ಎಷ್ಟೋ ಮೆಟ್ಟಿಲು ಹತ್ತಿ ಓಡಿದ್ದ, ಆದರೆ ಅವತ್ತೆಲ್ಲ ಮೇಲೆ ತನಗೊಂದು ಹೆಮ್ಮೆ ಕಾದಿರುತ್ತಿತ್ತು. ಇವತ್ತು ಮೇಲೆ ಏನು ಕಾದಿದ್ದರೂ ಅದು ತಾನೇ ಡ್ರಾಯರಿನಲ್ಲಿಟ್ಟು ಬೆಳೆಸಿದ್ದು. ದೇವರೇ, ಅವಳಿಗೇನೂ ಆಗದಿರಲಿ, ಆಮೇಲೆ ನನ್ನ ಹಣೆಬರಹ ಏನಾದರೂ ಆಗಲಿ ಅಂದುಕೊಂಡು ಮತ್ತೆ ಹತ್ತಿದ.

ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದೇ ಇತ್ತು. ಉಪಮುಖ್ಯಸ್ಥೆ ಅದಕ್ಕೆ ಒಂದು ಪಾದ ಅಡ್ಡಕೊಟ್ಟು ನಿಂತಿದ್ದಳು. ಭಾವ ಒಳಗಿಂದ ಕೊನೆಯ ಚೀಲ ಎತ್ತುತ್ತಿದ್ದರು. ಅಕ್ಕ ಗಾಲಿಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಔಷಧಿಯ ಪೊಟ್ಟಣವಿಟ್ಟುಕೊಂಡು, ಮನೆ ಬಾಗಿಲ ಬೀಗದಕೈ ಹುಡುಕುತ್ತಿದ್ದಳು. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಹಲಗೆಯಂತೆ ಸಮವಾಗಿ ಕೂತಿದ್ದವು.

"ಇದೇನೋ ಇದು! ಲಿಫ್ಟ್ ಕಂಪನಿಯವನೇ ಮೆಟ್ಟಿಲು ಹತ್ತಿ ಬರೋದಾ? ಜನ ನೋಡಿದ್ರೆ ನಿಮ್ಮ ವ್ಯಾಪಾರ ಮುಳುಗಿಹೋಗತ್ತೆ," ಅಂದಳು ಅಕ್ಕ.

ಅವನು ಗೋಡೆಗೊರಗಿ ಹಾಗೇ ಕುಸಿದು ಕೂತ. ಅಳು ಬರುತ್ತದೆಯೋ ನಗು ಬರುತ್ತದೆಯೋ ತಿಳಿಯಲಿಲ್ಲ. ಬೆವರು ಕಣ್ಣಿಗಿಳಿದು ಎಲ್ಲರ ಮುಖವೂ ಮಸಕಾಗಿ, ಆ ಮಸಕಿನಲ್ಲಿ ಅಕ್ಕ ಇದ್ದಾಳೆ, ಅಕ್ಕ ಬೈಯುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. ಕೊನೆಗೆ ಉಸಿರು ಸಿಕ್ಕಿ, "ಬ್ರೇಕು..." ಅಂದ.

"ಬದಲಾಯಿಸಿ ವಾರ ಆಯ್ತು ಸಾರ್. ಅಕ್ಕ ಬರೋ ಹೊತ್ತಿಗೆ ಇನ್ನೊಮ್ಮೆ ನೋಡೋಣ ಅಂತ ಬಂದೆ," ಅಂದಳು ಉಪಮುಖ್ಯಸ್ಥೆ, ಪಾದ ತೆಗೆಯದೆ.

"ನಾನು ಸಹಿ ಮಾಡಿಲ್ಲ."

"ಕೆಟ್ಟ ಲಿಫ್ಟಿಗೆ ನಿಮ್ಮ ಸಹಿ ಬೇಡ ಸಾರ್. ನಿಮ್ಮದೇ ನಿಯಮ."

"ಇದು ಕೆಟ್ಟೇ ಇರಲಿಲ್ಲವಲ್ಲ!"

"ಕೆಟ್ಟಿತ್ತಪ್ಪ," ಎಂದು ಭಾವ ಚೀಲ ಕೆಳಗಿಟ್ಟು ಗಂಭೀರವಾಗಿ ಅಂದರು. ಮೇಷ್ಟ್ರಾಗಿ ನಿವೃತ್ತರಾದವರು, ತಮಾಷೆಯನ್ನೂ ಪಾಠದ ಹಾಗೆ ಹೇಳುವವರು. "ನಾನೇ ಒಳಗೆ ಸಿಕ್ಕಿಹಾಕ್ಕೊಂಡಿದ್ದೆ. ಬಾಗಿಲು ತೆಗೆದು, ಒಳಗೆ ಕೂರಿಸಿ, ಒಂದು ಪೇಪರ್ ಕೈಗೆ ಕೊಟ್ಟು ಈ ಮಗಳು ಹೇಳಿದ್ಲು, ಸಾರ್, ಅರ್ಧ ಗಂಟೆ ಗಾಬರಿಯಾಗಿರಿ ಅಂತ. ಕೂತು ಪದಬಂಧ ತುಂಬಿಸಿದೆ. ಆಮೇಲೆ ನನ್ನನ್ನ ಕಾಪಾಡಿದ್ರು. ನೀನು ಗಂಟೆ ಹೊಡೆದು ಚಪ್ಪಾಳೆ ತಟ್ಟಿಸಿದ್ಯಂತೆ, ತುಂಬಾ ಸಂತೋಷ."

ಒಬ್ಬ ಹಿರಿಯರು ಸಾರ್, ಪಾಪ. ನೆಲ ನೋಡುತ್ತಿದ್ದ ಮೆಕ್ಯಾನಿಕ್ಕುಗಳು. ಸಂಕೋಚವಲ್ಲ, ನಗು ತಡೆದುಕೊಳ್ಳುತ್ತಿದ್ದರು. ಈ ವರ್ಷ ಬಿಡುವಿಲ್ಲದೆ ಹೊಡೆದ ಗಂಟೆ, ಪ್ರತಿ ಸಲವೂ ಬೆನ್ನು ನೇರ ಮಾಡಿಕೊಂಡು ಎದ್ದ ತಾನು, ‘ನಾನಿಲ್ಲದಿದ್ದರೆ ಈ ಊರಿನ ಗತಿಯೇನು’ ಎಂದು ರಾತ್ರಿ ಹೆಂಡತಿಗೆ ಹೇಳಿದ್ದು. ಅದರಲ್ಲಿ ಎಷ್ಟು ನಿಜ? ಬೈಯಬೇಕು ಅನ್ನಿಸಿತು, ಕೆಲಸದಿಂದ ತೆಗೆಯಬೇಕು ಅನ್ನಿಸಿತು, ಆ ಸಿಟ್ಟನ್ನು ಹುಡುಕಿಕೊಂಡು ತನ್ನೊಳಗೆ ಹೋದರೆ ಅಲ್ಲಿ ಸಿಕ್ಕಿದ್ದು ಬರೀ ಹಗುರ. ಭಾರದ ಚೀಲವನ್ನು ಯಾರೋ ಹೇಳದೆ ಕೇಳದೆ ಹೆಗಲಿಂದ ಇಳಿಸಿಕೊಂಡ ಹಾಗೆ. ಮಾನ ಹೋಗಿತ್ತು, ಅಕ್ಕ ಉಳಿದಿದ್ದಳು. ಆ ವ್ಯಾಪಾರ ಎಷ್ಟು ಅಗ್ಗದ್ದೆಂದು ಅವನಿಗೇ ಆಶ್ಚರ್ಯವಾಯಿತು.

ಅಕ್ಕನನ್ನು ಮಂಚಕ್ಕೆ ಸೇರಿಸಿದ ಮೇಲೆ ಅವನೂ ಉಪಮುಖ್ಯಸ್ಥೆಯೂ ಬಾಲ್ಕನಿಯಲ್ಲಿ ನಿಂತರು. ಅವಳು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಕುಡಿದಿರಲಿಲ್ಲ; ಹೆಗಲ ಬ್ಯಾಗನ್ನೂ ಕೆಳಗಿಟ್ಟಿರಲಿಲ್ಲ. ಆಗಲೇ ಅವನಿಗೆ ಹೊಳೆದದ್ದು, ಇವಳೂ ಹೆದರಿದ್ದಾಳೆ, ಇಷ್ಟು ತಿಂಗಳೂ ಹೆದರಿಕೊಂಡೇ ಮಾಡಿದ್ದಾಳೆ.

"ಎಷ್ಟು ಸುಳ್ಳು?" ಎಂದು ಕೇಳಿದ.

"ಕೇಳ್ಬೇಡಿ ಸಾರ್. ಕೇಳಿದ್ರೆ ಹೇಳ್ಬೇಕಾಗತ್ತೆ."

"ಹೇಳು."

"ಅರ್ಧಕ್ಕಿಂತ ಜಾಸ್ತಿ. ಮೊದಲನೇ ಸಲ ಸುಳ್ಳು ಹೇಳೋವಾಗ ಕೈಕಾಲೇ ಆಡಲಿಲ್ಲ. ನೀವು ಗಂಟೆ ಹೊಡೆದ್ರಿ, ಎಲ್ರೂ ಎದ್ದು ನಿಂತ್ರು. ಆಮೇಲೆ ಸುಲಭ ಆಯ್ತು. ಇದು ತಪ್ಪು ಅಂತ ಗೊತ್ತು. ರಾಜೀನಾಮೆ ಬರೆದು ಬ್ಯಾಗಲ್ಲೇ ಇಟ್ಕೊಂಡಿದೀನಿ."

"ಅದನ್ನೂ ಮುಂಚೇನೇ ಬರೆದಿಟ್ಟಿದ್ದೀಯಾ!" ಅಂದ, ಅಂದು ತಾನೇ ನಕ್ಕುಬಿಟ್ಟ. ಅವಳು ನಗಲಿಲ್ಲ. ನಗುವಂಥದ್ದೇನೂ ಇರಲಿಲ್ಲ ಎಂದು ಅವನಿಗೂ ತಿಳಿಯಿತು. ಒಳ್ಳೆಯ ಕೆಲಸ ಮಾಡಲು ಒಬ್ಬಳು ಕಳ್ಳಿಯ ಹಾಗೆ ಓಡಾಡಬೇಕಾದ ಕಚೇರಿಯನ್ನು ಕಟ್ಟಿದವನು ತಾನು. "ಮುಂದೆ ಯಾವುದು ಕೆಡತ್ತೆ?"

"ಗುರುವಾರ ಒಂದು ಕೆಡತ್ತೆ. ಶನಿವಾರ ಎರಡು."

"ಕೆಡೋದು ಬೇಡ. ಸುಮ್ಮನೆ ಹೋಗಿ ರಿಪೇರಿ ಮಾಡಿಬಿಡಿ. ಇನ್ಮೇಲೆ ಕೆಡೋಕೆ ಮುಂಚೆ ಮಾಡೋ ಕೆಲಸಕ್ಕೆ ನನ್ನ ಸಹಿ ಬೇಡ. ಕೆಟ್ಟಿದ್ದಕ್ಕೆ ಬೇಕು."

ಅವಳು ಹುಬ್ಬೇರಿಸಿದಳು. "ಜನ ಒಳಗೆ ಸಿಕ್ಕಿಹಾಕ್ಕೊಂಡು, ನಾವು ನಿಮ್ಮ ಸಹಿಗೆ ಕಾಯ್ತಾ ಕೂರೋದಾ ಸಾರ್?"

"ಮೊದ್ಲು ಬಾಗಿಲು ತೆಗೀರಿ. ಆಮೇಲೆ ನನ್ನ ಹತ್ರ ಬಂದು ಯಾಕೆ ಕೆಟ್ಟಿತು ಅಂತ ಹೇಳಿ. ನನಗೂ ಕೆಲಸ ಇರ್ಲಿ. ಹಳೇ ಸುಳ್ಳಿನ ವಿಷಯ ಮಾಲೀಕರಿಗೆ ನಾನೇ ಹೇಳ್ತೀನಿ. ಆ ರಾಜೀನಾಮೆ ಹರಿದು ಹಾಕು."

ಅವಳು ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಫೋನು ಹೊಡೆದುಕೊಂಡಿತು, ಅವನ ಕೈ ಹಾವಿನ ಹಾಗೆ ಜೇಬಿಗೆ ಹೋಯಿತು. ತರಬೇತುದಾರ. "ಸಾರ್, ಏನೂ ತೊಂದರೆ ಇಲ್ಲ ತಾನೇ? ಎಲ್ರೂ ಊಟಕ್ಕೆ ಕೂತಿದಾರೆ. ನಿಮಗೆ ಕಾಯ್ಬೇಕಾ?"

"ಏನೂ ಆಗಿಲ್ಲ," ಅಂದ. ಆ ಮಾತು ಬಾಯಲ್ಲಿ ಹೊಸದಾಗಿತ್ತು, ಇನ್ನೊಮ್ಮೆ ಹೇಳಿ ನೋಡಿದ. "ಏನೂ ಆಗಿಲ್ಲ ಕಣ್ರಿ. ನೀವು ಊಟ ಮಾಡಿ."

ಮಾಲೀಕರಿಗೆ ಹೇಳಿದ್ದು ಮರುದಿನ. ಅವರು "ಹಾಗಾದ್ರೆ ನಾನೂ ಸುಳ್ಳಿಗೇ ಚಪ್ಪಾಳೆ ತಟ್ಟಿದ್ನಾ?" ಎಂದು ಕೇಳಿ, ಆಪದ್ಬಾಂಧವ ಅನ್ನದೆ, ತುಂಬ ವರ್ಷಗಳ ಮೇಲೆ ಅವನ ಹೆಸರು ಹಿಡಿದು ಕರೆದು, ಹೋಗಿ ಕೆಲಸ ನೋಡಿ ಅಂದರು. ಅದರಲ್ಲಿ ಕೋಪವಿತ್ತೋ ಮರ್ಯಾದೆಯಿತ್ತೋ ಅವನು ಕೆದಕಲು ಹೋಗಲಿಲ್ಲ. ಸಂಜೆ ಎಲ್ಲರೂ ಇರುವಾಗಲೇ ಕುರ್ಚಿ ಹತ್ತಿ ಗಂಟೆಯ ತಿರುಪು ಬಿಚ್ಚಿದ. ಹತ್ತುವ ಮುಂಚೆ ಬಗ್ಗಿ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದ. ಯಾರೋ ಕಿಸಕ್ಕೆಂದರು, ಉಪಮುಖ್ಯಸ್ಥೆಯೇ ಇರಬೇಕು. ಮಂಚದಿಂದ ಕೂಗಿ ಕೂಗಿ ನಿಮ್ಮಕ್ಕನಿಗೆ ಗಂಟಲು ಕಟ್ಟಿದೆ, ಅಡುಗೆಮನೆಯಲ್ಲಿ ನನಗೆ ಕೇಳಿಸೋದಿಲ್ಲ, ಆ ಗಂಟೆ ನಮಗಾದ್ರೂ ಕೊಡು ಎಂದು ಭಾವ ಬೆಳಿಗ್ಗೆಯೇ ಹೇಳಿದ್ದರು.

ಅಕ್ಕನ ಕಟ್ಟಡದ ಲಿಫ್ಟಿನಲ್ಲಿ ಅವನೊಬ್ಬನೇ ಇದ್ದ. ಗಂಟೆಯನ್ನು ಕಾಗದದಲ್ಲಿ ಸುತ್ತಿರಲಿಲ್ಲ, ಅದರ ನಾಲಗೆಯನ್ನೂ ಕಟ್ಟಿರಲಿಲ್ಲ. ಬರಿಗೈಯಲ್ಲಿ ತೂಗುಬಿಟ್ಟುಕೊಂಡು, ಒಂದು ಕಿವಿಯನ್ನು ಅದರ ಕಡೆಗಿಟ್ಟು ನಿಂತಿದ್ದ. ಬಾಗಿಲು ಮುಚ್ಚಿತು, ಲಿಫ್ಟು ಏರಿತು, ಒಂಬತ್ತರಲ್ಲಿ ನಿಂತಿತು, ಬಾಗಿಲು ತೆರೆಯಿತು. ಗಂಟೆ ಒಂದು ಸಲವೂ ಸದ್ದು ಮಾಡಲಿಲ್ಲ.

ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತಿತ್ತ ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ಒಮ್ಮೆ ಮೆಲ್ಲಗೆ ಹೊಡೆದಳು. ಅಭ್ಯಾಸಬಲದಿಂದ ಅವನು ಕುರ್ಚಿಯಿಂದ ಅರ್ಧ ಎದ್ದ.

"ನೀನು ಕೂತ್ಕೊಳೋ," ಅಂದಳು ಅಕ್ಕ. ಅಡುಗೆಮನೆಯಿಂದ ಭಾವ, "ಬಂದೆ, ಬಂದೆ," ಅಂದರು.